ಗಾಯರಾಣದಲ್ಲಿ ಹಸಿರು ಹಂದರ

ನನಗೆ ಸಿಟ್ಟು ಬೇಗ ಬರುತ್ತದೆ. ಶಾಲೆಯ ಹುಡುಗರು ಹಿಂದಿನಿಂದ ನನ್ನನ್ನು ಏನೆಂದು ಕರೆಯುತ್ತಾರೆ ಎಂಬುದೂ ಗೊತ್ತು, ಕರೆಯಲಿ. ಮಾದನಹಿಪ್ಪರಗಾದಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಈ ಊರಿಗೆ ನಾನು, ಶರಣಕುಮಾರ, ವಿಜ್ಞಾನದ ಮಾಸ್ತರನಾಗಿ ಬಂದು ಹದಿನೆಂಟು ವರ್ಷವಾಯಿತು. ಬಂದ ವರ್ಷವೇ ಪರಿಸರ ಸಂಘವನ್ನು ನನ್ನ ಕೊರಳಿಗೆ ಕಟ್ಟಿದರು, ಇನ್ನೂ ಯಾರೂ ಬಿಚ್ಚಿಲ್ಲ. ಪ್ರತಿ ಜೂನಿನಲ್ಲಿ ಸಸಿಗಳು ಬರುತ್ತವೆ, ಅತಿಥಿಗಳು ಬರುತ್ತಾರೆ, ಫೋಟೊ ಆಗುತ್ತದೆ. ಅತಿಥಿಗಳ ಜೀಪು ಊರು ದಾಟುವ ಮೊದಲೇ ಆಡುಗಳು ಬರುತ್ತವೆ. ಮುಂದಿನ ಜೂನಿನಲ್ಲಿ ಅದೇ ಗುಂಡಿಗೆ ಹೊಸ ಸಸಿ. ಆ ಗುಂಡಿಗಳಿಗೆ ಆದಷ್ಟು ಪೂಜೆ ನಮ್ಮೂರ ಹನುಮಪ್ಪನಿಗೂ ಆಗಿಲ್ಲ.

ಈ ನಾಟಕದ ನಡುವೆ ಒಬ್ಬ ಹುಡುಗಿ ಮಾತ್ರ ನಿಜವಾಗಿ ಕಲಿತಳು. ಅವಳು ಸಪ್ನಾ, ಕೂಲಿ ಮಾಡುವ ದೇವೀಂದ್ರಪ್ಪ ಮತ್ತು ಮಲ್ಕಮ್ಮನ ಮಗಳು. ಎಂಟನೆಯ ತರಗತಿಯಲ್ಲಿದ್ದಾಗ ಬೇವಿನ ಬೀಜ ಆರಿಸಿ ತಗಡಿನ ಡಬ್ಬಿಯಲ್ಲಿಟ್ಟು, ಮರುವರ್ಷ ಬಿತ್ತಿದಳು. ಒಂದೂ ಹುಟ್ಟಲಿಲ್ಲ. ಬೇರೆ ಮಕ್ಕಳಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು, ಇವಳು ಯಾಕೆ ಹುಟ್ಟಲಿಲ್ಲ ಎಂದು ನನ್ನ ಬೆನ್ನು ಹತ್ತಿದಳು. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಆಳಂದದ ನರ್ಸರಿಗೆ ಹೋಗಿ ಕೇಳಿಕೊಂಡು ಬಂದೆ. ಬೇವಿನ ಬೀಜದ ಜೀವ ಎರಡು ಮೂರು ವಾರದ್ದು, ಹಣ್ಣು ಉದುರಿದ ಕೂಡಲೇ ತಿರುಳು ತೊಳೆದು ಬಿತ್ತಬೇಕು ಎಂದು ಅಲ್ಲಿನ ಮಾಲಿ ಹೇಳಿದ. ಆ ಮಳೆಗಾಲದಲ್ಲಿ ಅವಳ ಮನೆಯ ಹಿತ್ತಲಲ್ಲಿ, ಖಾಲಿ ಹಾಲಿನ ಪಾಕೀಟುಗಳಲ್ಲಿ, ಅರವತ್ತು ಬೇವಿನ ಸಸಿ ನಿಂತಿದ್ದವು.

ಹತ್ತನೆಯದು ಮುಗಿದಾಗ ಅವಳು ಕೇಳಿದ್ದು ಒಂದೇ ಮಾತು. ಗಿಡ ಬೆಳೆಸುವ ನೌಕರಿ ಬೇಕೆಂದರೆ ಏನು ಓದಬೇಕು? ನಾನು ಹುಡುಕಿದೆ. ಅರಣ್ಯದ ಡಿಗ್ರಿಗೆ ಪಿಯುಸಿಯಲ್ಲಿ ವಿಜ್ಞಾನ ಬೇಕು. ಇಲ್ಲಿ ಹತ್ತಿರದ ಕಾಲೇಜಿನಲ್ಲಿ ಇರುವುದು ಕಲಾ ವಿಭಾಗ ಒಂದೇ. ಕಲಬುರಗಿಗೆ ದಿನಾ ಹೋಗಿಬರಲು ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ, ಹಾಸ್ಟೆಲಿನಲ್ಲಿ ಸೀಟಿಲ್ಲ. ಕಲೆಯನ್ನೇ ಓದಿದಳು. ಗಿಡದ ಹುಡುಗಿಗೆ ಎರಡು ವರ್ಷ ಮೊಗಲರ ಆಡಳಿತ ಓದಿಸಿದರು.

ಆಮೇಲೆ ಕಲಬುರಗಿಯಲ್ಲಿ ಹಸಿರು ಉದ್ಯೋಗ ಮೇಳ ಎಂದರು. ನಾನೇ ಕರೆದುಕೊಂಡು ಹೋದೆ. ಒಂದು ಬಟ್ಟೆಯ ಚೀಲ, ಒಂದು ಪೆನ್ನು, ಸೌರಫಲಕ ಮಾರುವವರ ಒಂದು ಕಾಗದ ಕೊಟ್ಟರು. ಅರಣ್ಯದ ಕೆಲಸದ ಬಗ್ಗೆ ಕೇಳಿದರೆ ಕೌಂಟರಿನಲ್ಲಿದ್ದ ಯುವಕ, ನಿಮ್ಮ ಕಡೆ ಅಡವಿಯೇ ಇಲ್ಲವಲ್ಲ ಸರ್ ಎಂದು ನಕ್ಕ. ಇಲ್ಲ ಎಂತಲೇ ಕೇಳುತ್ತಿದ್ದೇವೆ, ಇದ್ದಿದ್ದರೆ ನಿನ್ನ ಮುಂದೆ ಬಂದು ಯಾಕೆ ನಿಲ್ಲುತ್ತಿದ್ದೆವು ಎಂದು ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಸಪ್ನಾ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. 

ಕೊನೆಗೆ ಒಂದು ದಾರಿ ಸಿಕ್ಕಿತು. ಜೇವರ್ಗಿ ಕಡೆ ಒಂದು ತರಬೇತಿ ಕೇಂದ್ರದವರು ನರ್ಸರಿ ಮತ್ತು ನೆಡುತೋಪಿನ ಕೆಲಸವನ್ನು ಒಂದು ವರ್ಷ ಅಲ್ಲೇ ಇಟ್ಟುಕೊಂಡು ಕಲಿಸುತ್ತಾರೆ. ಮುಗಿಸಿದವರಿಗೆ ನರ್ಸರಿಗಳಲ್ಲಿ ಕೆಲಸ ಖಾತ್ರಿ. ಪಿಯುಸಿ ಯಾವುದಾದರೂ ನಡೆಯುತ್ತದೆ. ಆದರೆ ಷರತ್ತು ಕಠಿಣ. ಊರ ಜಮೀನಿನಲ್ಲಿ ಇನ್ನೂರು ಸಸಿ ನೆಟ್ಟು ಎರಡು ವರ್ಷ ಕಾಪಾಡಬೇಕು. ಅವರು ಬಂದು ಅಳೆಯುವ ದಿನ ನಾಲ್ಕರಲ್ಲಿ ಮೂರು ಪಾಲು ಗಿಡ, ಒಂದು ಮೀಟರಿಗಿಂತ ಎತ್ತರ, ಜೀವಂತ ನಿಂತಿರಬೇಕು. ವಯಸ್ಸು ಇಪ್ಪತ್ತೆರಡು ದಾಟಿರಬಾರದು. ಸಪ್ನಾಳಿಗೆ ಬರುವ ಜುಲೈಗೆ ಇಪ್ಪತ್ತೆರಡು ತುಂಬುತ್ತದೆ. ಈ ಸಲ ತಪ್ಪಿದರೆ ಮತ್ತೊಂದು ಸಲ ಎಂಬುದೇ ಇಲ್ಲ.

ಊರ ಹೊರಗಿನ ಗಾಯರಾಣದಲ್ಲಿ, ಅಂದರೆ ದನ ಮೇಯುವ ಸರಕಾರಿ ಬಯಲಿನಲ್ಲಿ, ಅವಳು ಬೇವು, ಹೊಂಗೆ ನೆಟ್ಟಳು. ಈ ಕಡೆಯ ಬಯಲು ಹೇಗಿದೆ ಎಂದು ಕಂಡವರಿಗೇ ಗೊತ್ತು. ಮರದಲ್ಲಿ ಹಕ್ಕಿ ಕೂತು ಜೋಳದ ತೆನೆ ತಿನ್ನುತ್ತವೆ ಎಂದು ಬದುವಿನ ಮೇಲೆ ಒಂದು ಗಿಡವನ್ನೂ ಬಿಡುವುದಿಲ್ಲ ನಮ್ಮ ಜನ. ಹಕ್ಕಿ ಇಲ್ಲದಿದ್ದರೆ ಹುಳ ತಿನ್ನುತ್ತದೆ ಎಂದು ಹದಿನೆಂಟು ವರ್ಷ ಹೇಳಿ ನನ್ನ ಬಾಯಿ ಬತ್ತಿದೆ. ಅಂಥ ಬಯಲಿಗೆ ಅವಳು ಎರಡು ಬೇಸಿಗೆ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ನೀರು ಹೊತ್ತಳು. ದೇವೀಂದ್ರಪ್ಪ ಜಾಲಿ ಕಡಿದು ತಂದು ಸುತ್ತ ಮುಳ್ಳಿನ ಬೇಲಿ ಹಾಕಿಕೊಟ್ಟ. ಮಗಳು ಅಡವಿ ಬೆಳೆಸುತ್ತಾಳಂತೆ ಎಂದು ಚಹಾದಂಗಡಿಯಲ್ಲಿ ಕಾಡಿದವರಿಗೆ, ಹೌದು ಬೆಳೆಸುತ್ತಾಳೆ ಎಂದು ಎದೆ ಉಬ್ಬಿಸಿ ಹೇಳಿ ಬರುತ್ತಿದ್ದ.

ಈ ಏಪ್ರಿಲ್ ಕೊನೆಯಲ್ಲಿ ಅವಳು ಎಣಿಸಿದಾಗ ನೂರ ಅರವತ್ತೆಂಟು ಗಿಡಗಳು ಎದೆಮಟ್ಟ ಬಂದಿದ್ದವು. ಬೇಕಾದದ್ದು ನೂರೈವತ್ತು. ನಾನು ಆ ವಾರವೆಲ್ಲ ಯಾರ ಮೇಲೂ ಕೂಗಲಿಲ್ಲ ಎಂದು ನಮ್ಮ ಜವಾನ ಮಸೂದ ಲೆಕ್ಕ ಇಟ್ಟಿದ್ದನಂತೆ.

ಮುಂದಿನ ಬುಧವಾರ ಸಂಜೆ ಶಾಲೆಯಲ್ಲಿ ಸಪ್ನಾಳ ಜೊತೆ ಅವಳ ಅರ್ಜಿ ತುಂಬುತ್ತ ಕೂತಿದ್ದಾಗ ತರಬೇತಿ ಕೇಂದ್ರದಿಂದ ಫೋನು ಬಂತು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ತಪಾಸಣೆಗೆ ಬರುತ್ತಾರಂತೆ. ಒಂದು ವಾರ ಮೊದಲು ಹೇಳಿದರೆ ಇವರ ಗಂಟು ಏನು ಹೋಗುತ್ತಿತ್ತೋ. ದೇವೀಂದ್ರಪ್ಪನನ್ನು ಕರೆಸಿದೆ. ಅವನಿಗೆ ಖುಷಿಯೋ ಖುಷಿ. ಬಯಲಿನಲ್ಲಿ ಅತಿಥಿಗಳಿಗೆ ನೆರಳಿಲ್ಲ, ಪಂಚಾಯಿತಿಯಲ್ಲಿ ನೀಲಿ ಪ್ಲಾಸ್ಟಿಕ್ ತಾಡಪಾಲು ಇದೆ, ಅದನ್ನೇ ಕಟ್ಟುತ್ತೇನೆ ಎಂದ.

ನನಗೆ ಮೈಯೆಲ್ಲ ಉರಿಯಿತು. ಹಿಂದೊಮ್ಮೆ ಶಾಲೆಗೆ ಬಂದ ಅಧಿಕಾರಿಯೊಬ್ಬರು ನಮ್ಮ ಪ್ಲಾಸ್ಟಿಕ್ ತೋರಣ ನೋಡಿ, ಪರಿಸರ ಸಂಘದ ಶಾಲೆ ಇದೇನಾ ಎಂದು ಎಲ್ಲರ ಮುಂದೆ ಕೇಳಿದ್ದರು. ಅದು ಇನ್ನೂ ಒಳಗೆ ಚುಚ್ಚುತ್ತಿತ್ತು. ಒಂದು ಎಳೆ ಪ್ಲಾಸ್ಟಿಕ್ ಕಂಡರೂ ಕಿತ್ತು ಬಿಸಾಡುತ್ತೇನೆ, ಎಲ್ಲವೂ ಹಸಿರಾಗಿರಬೇಕು ಎಂದು ಗುಡುಗಿದೆ.

"ಹಸರ ಹಂದರ ಹಾಕ್ತೇನ್ರಿ ಸರ್, ಅದೇನು ದೊಡ್ಡದಲ್ಲ. ಖರೇ, ಹಳ್ಳದ ಕಡಿಂದ ಟೊಂಗಿ ತರಾಕ ಹೊತ್ತಿಲ್ಲ, ಬಂಡೀನೂ ಇಲ್ಲ. ಎಲ್ಲಿಂದ ತರಲ್ರಿ?" ಎಂದು ಕೇಳಿದ.

"ಅದನ್ನೂ ನಾನ ಹೇಳಬೇಕೇನು? ಎಲ್ಲಿಂದಾದ್ರೂ ತಾ," ಎಂದೆ.

ಹಸಿರು ಹಂದರ ಏನೆಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯ ಮನೆಯ ಮುಂದೆ ಕಂಬ ನೆಟ್ಟು, ಮೇಲೆ ಹಸಿ ಟೊಂಗೆ ಹೊದಿಸಿದ ಹೊರತು ನಮ್ಮಲ್ಲಿ ಮದುವೆ ಮದುವೆಯೇ ಅಲ್ಲ. ನಮ್ಮೂರಲ್ಲಿ ಆ ಕೆಲಸ ದೇವೀಂದ್ರಪ್ಪನದೇ. ಅವನ ಹಂದರದೊಳಗೆ ಸೂಜಿಯಷ್ಟು ಬಿಸಿಲೂ ಇಳಿಯುವುದಿಲ್ಲ ಎಂದು ಸುತ್ತಲಿನ ನಾಲ್ಕು ಊರಲ್ಲಿ ಹೆಸರಿದೆ. ಟೊಂಗೆಯನ್ನು ಹಳ್ಳದ ದಂಡೆಯಿಂದಲೋ ಗಾಯರಾಣದಿಂದಲೋ ತರುವುದು ರೂಢಿ. ಅಲ್ಲಿನ ಗಿಡ ಯಾರದೂ ಅಲ್ಲ, ಕಡಿದರೆ ಕೇಳುವವರೂ ಇಲ್ಲ. ಗುಡಿಯ ಮುಂದಿನ ದೊಡ್ಡ ಬೇವಿಗೆ ಮಾತ್ರ ಯಾರೂ ಕೊಡಲಿ ಹಚ್ಚುವುದಿಲ್ಲ, ಅದು ದೇವಿಯದು.

ಮರುದಿನ ಎಂಟಕ್ಕೆ ನಾನು ಗಾಯರಾಣಕ್ಕೆ ಹೋದೆ. ದೂರದಿಂದಲೇ ಹಂದರ ಕಂಡಿತು. ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಖುಷಿಯೇ ಆಯಿತು. ನಾಲ್ಕು ಕಂಬದ ಮೇಲೆ ಎಳೆ ಬೇವು, ಹೊಂಗೆ ಒತ್ತೊತ್ತಾಗಿ ಹೊದಿಸಿದ್ದ, ಕೆಳಗೆ ಸಗಣಿ ಸಾರಿಸಿದ್ದ, ಎಲ್ಲೂ ಪ್ಲಾಸ್ಟಿಕ್ ಇಲ್ಲ. ಈ ಬಿರುಬೇಸಿಗೆಯಲ್ಲಿ ಇಷ್ಟು ಎಳೆಯ ಎಲೆ ಎಲ್ಲಿ ಸಿಕ್ಕಿತು ಎಂದು ಯೋಚಿಸಿದವನೇ ಬೇಲಿಯ ಕಡೆ ಓಡಿದೆ. ಊರಲ್ಲಿ ನೀರು ಕಂಡ ಗಿಡಗಳು ಇದ್ದದ್ದು ಒಂದೇ ಕಡೆ.

ಸಪ್ನಾ ಬೇಲಿಯೊಳಗೆ ಅಳತೆಯ ಕೋಲು ಹಿಡಿದು ನಿಂತಿದ್ದಳು. ಹಂದರದ ಕಡೆಯ ಎರಡು ಸಾಲಿನ ಗಿಡಗಳು ತುದಿ ಕಡಿಸಿಕೊಂಡು ಮೊಣಕಾಲಿನ ಮಟ್ಟಕ್ಕೆ ನಿಂತಿದ್ದವು. ಅವಳು ಅಳುತ್ತಿರಲಿಲ್ಲ. ಒಂದೊಂದು ಬುಡಕ್ಕೂ ಕೋಲು ಹಚ್ಚಿ ನೋಡುತ್ತಿದ್ದಳು, ಅಳೆದರೆ ಎಲ್ಲಾದರೂ ಉದ್ದವಾದೀತು ಎಂಬಂತೆ. ಮೂವತ್ತಾರು ಎಂದಳು ನನ್ನ ಮುಖ ನೋಡದೆ.

ನಾನು ದೇವೀಂದ್ರಪ್ಪನ ಮೇಲೆ ಹರಿಹಾಯ್ದೆ. ಏನೇನು ಅಂದೆನೋ ಈಗ ಬರೆಯಲು ನಾಚಿಕೆ. ನಿನಗೆ ಬುದ್ಧಿ ಎಂಬುದು ಐತೋ ಇಲ್ಲೋ, ಎರಡು ವರ್ಷದ ಮಗಳ ದುಡಿತವನ್ನು ಒಂದು ತಾಸಿನಲ್ಲಿ ತೆಗೆದೆಯಲ್ಲ ಎಂದೆ. ಅವನಿಗೆ ಅರ್ಥವೇ ಆಗಲಿಲ್ಲ. ಕೊಡಲಿ ಕೈಯಲ್ಲೇ ಇತ್ತು, ಮುಖದ ಮೇಲೆ ಇನ್ನೂ ನಗು ಉಳಿದಿತ್ತು.

"ಬುಡ ಮುಟ್ಟಿಲ್ರಿ ಸರ್. ತುದಿ ಅಷ್ಟ ತಗೊಂಡೇನಿ. ಮತ್ತ ಚಿಗೀತಾವ, ಬೇವು ಅಲ್ರಿ? ಅವರು ಗಿಡ ಎಣಸಾಕ ಬರ್ತಾರಂದ್ರಿ, ಗಿಡ ಎಲ್ಲಾ ಇದ್ದಲ್ಲೇ ಅದಾವ. ಆಕಿ ಬೆಳಸಿದ್ದ ಎಲಿ ಆಕಿ ಹಂದರಕ್ಕ ಹಾಕಿದ್ರ ಶೋಭಾ ಅಂತ ಅನಿಸ್ತು."

ಚಿಗುರುತ್ತವೆ ಎಂಬುದು ನಿಜ. ಅದು ನನಗೂ ಗೊತ್ತು, ಸಪ್ನಾಳಿಗೂ ಗೊತ್ತು. ಹದಿನೈದು ದಿನದಲ್ಲಿ ಒಂದಕ್ಕೆ ನಾಲ್ಕು ಚಿಗುರು ಬರುತ್ತವೆ. ಆದರೆ ಹದಿನೈದು ದಿನ ಯಾರ ಕೈಯಲ್ಲಿತ್ತು? ಒಂಬತ್ತಕ್ಕೆ ಜೀಪು ಬಂದೇ ಬಂತು.

ಜೀಪಿನಿಂದ ಇಳಿದವರು ಮಸರತ ಮೇಡಂ. ಅಫಜಲಪುರದವರು, ಮೂವತ್ತರ ಒಳಗಿನ ವಯಸ್ಸು. ಅದೇ ಕೇಂದ್ರದಲ್ಲಿ ಕಲಿತು ಈಗ ಅಲ್ಲೇ ಕಲಿಸುತ್ತಾರೆ. ಹಂದರದ ಕಡೆ ನೋಡಲೇ ಇಲ್ಲ, ನೆಟ್ಟಗೆ ಬೇಲಿಯೊಳಗೆ ಹೋದರು. ಪಾತಿಯ ಮಣ್ಣು ಕೆದರಿ ಮೂಸಿದರು. ಬೀಜ ಎಲ್ಲಿಂದ ತಂದೆ, ಎಷ್ಟು ದಿನಕ್ಕೆ ಬಿತ್ತಿದೆ ಎಂದು ಕೇಳಿದರು. ಸಪ್ನಾ ಹೇಳುತ್ತ ಹೋದಳು, ಮೇಡಂ ಮುಖ ಅರಳುತ್ತ ಹೋಯಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ತಿರುಗಿದ್ದೇನೆ, ಇಂಥ ಬೇವು ನೋಡಿಲ್ಲ ಎಂದರು. ಆಮೇಲೆ ಕಡಿದ ಸಾಲು ಕಂಡರು, ಚೀಲದಿಂದ ಮೊಬೈಲು ತೆಗೆದರು.

ಮೊಬೈಲಿನಲ್ಲಿ ಒಂದೊಂದು ಗಿಡದ ಫೋಟೊ, ಪಕ್ಕದಲ್ಲಿ ಮೀಟರಿನ ಕೋಲು. ಮುಗಿಯಲು ಎರಡು ತಾಸು ಹಿಡಿಯಿತು. ನೂರ ಮೂವತ್ತೆರಡು. ಹದಿನೆಂಟು ಕಡಿಮೆ.

ಚಿಗುರುತ್ತವೆ ಮೇಡಂ ಎಂದು ನಾನು ಶುರು ಮಾಡಿದೆ. ಅದು ನನಗೂ ಗೊತ್ತಿದೆ ಸರ್, ಈ ಮೊಬೈಲಿಗೆ ಗೊತ್ತಿಲ್ಲ ಎಂದರು. ಆ ಮೀಟರಿನ ಕೋಲು ತೆಗೆದುಕೊಂಡು ಯಾರಿಗಾದರೂ ಎರಡು ಬಾರಿಸಬೇಕೆನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ. ಮೇಡಂ ಸ್ವಲ್ಪ ಹೊತ್ತು ಫಾರಮು ತಿರುವಿ ಹಾಕಿ, ಒಂದು ದಾರಿ ಇದೆ ಎಂದರು. ಬೇರೆಯವರು ಹಾಳುಮಾಡಿದ ಗಿಡಗಳನ್ನು ಲೆಕ್ಕದಿಂದ ಬಿಡಬಹುದು. ಆ ಮೂವತ್ತಾರು ಬಿಟ್ಟರೆ ಉಳಿದದ್ದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚೇ ನಿಂತಿವೆ, ಸೀಟು ಗಟ್ಟಿ. ಆದರೆ ಅದಕ್ಕೆ ಲಿಖಿತ ದೂರು ಬೇಕು. ಯಾರು ಕಡಿದರು, ಯಾಕೆ ಕಡಿದರು, ಹೆಸರು, ಸಹಿ. ಇದು ಸರಕಾರಿ ಜಮೀನು, ಆದ್ದರಿಂದ ಒಂದು ಪ್ರತಿ ತಹಶೀಲಿಗೂ ಹೋಗುತ್ತದೆ. ಇವತ್ತೇ ಆಗಬೇಕು, ಇಲ್ಲಿಂದ ಹೋಗುವ ಮೊದಲು ಕಳಿಸಬೇಕು.

ದೇವೀಂದ್ರಪ್ಪ ಮುಂದೆ ಬಂದ. "ನನ್ನ ಹೆಸರ ಬರ್ಕೋರಿ ಬಾಯಾರ. ಕಡದಾಂವ ನಾನ."

ಯಾಕೆ ಕಡಿದಿರಿ, ಯಾರಾದರೂ ಹೇಳಿದರೇ ಎಂದು ಮೇಡಂ ಕೇಳಿದರು.

ಅವನು ನನ್ನ ಕಡೆ ನೋಡಲಿಲ್ಲ. "ಯಾರೂ ಹೇಳಿಲ್ರಿ. ನನ್ನ ತಲ್ಯಾಗ ಬಂತು, ಕಡದೆ."

ಆ ಹೊತ್ತಿನಲ್ಲಿ ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಹೆಡ್‌ಮಾಸ್ತರ ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಈ ವರ್ಷ ಮೂರನೆಯದಿತ್ತು. ಪರಿಸರ ಸಂಘದ ಮಾಸ್ತರ ಸರಕಾರಿ ಜಮೀನಿನ ಗಿಡ ಕಡಿಸಿದ ಎಂಬ ಒಂದು ಸಾಲು ಕಾಗದದಲ್ಲಿ ಹೋದರೆ ಆ ಹೆಸರು ಅಲ್ಲಿ ಉಳಿಯುವುದಿಲ್ಲ. ಅವನು ಕೂಲಿಯವ, ಹೆಚ್ಚೆಂದರೆ ಸ್ವಲ್ಪ ದಂಡ, ಅದನ್ನು ನಾನೇ ಕಟ್ಟಿದರಾಯಿತು ಎಂದು ಮನಸ್ಸಿನಲ್ಲೇ ಹಿಸಾಬು ಮಾಡಿ ಮುಗಿಸಿದೆ. 

ಸಪ್ನಾ ಕಾಗದ ತೆಗೆದುಕೊಂಡು ಹಂದರದ ಕೆಳಗೆ ಕೂತು ಬರೆದಳು. ನಾಲ್ಕೈದು ಸಾಲು ಬರೆದು ನಿಲ್ಲಿಸಿದಳು. ಹಿಂದಿನ ಸಂಜೆ, ಎಲ್ಲಿಂದಾದ್ರೂ ತಾ ಎಂದು ನಾನು ಹೇಳಿದಾಗ, ಅವಳು ನನ್ನ ಮೇಜಿನ ಪಕ್ಕದಲ್ಲೇ ಇದ್ದಳು ಎಂಬುದು ನನಗೆ ಆಗ ನೆನಪಾಯಿತು. ಎದ್ದು ನೆಟ್ಟಗೆ ನನ್ನ ಹತ್ತಿರ ಬಂದು ಕಾಗದ, ಪೆನ್ನು ಎರಡನ್ನೂ ಮುಂದೆ ಹಿಡಿದಳು.

"ಅಪ್ಪ ಕಡದಾನ ಅಂತ ನಾ ಬರದೇನ್ರಿ ಸರ್. ಯಾರ ಮಾತಿಗೆ ಕಡದಾನ ಅನ್ನೂದು ನೀವ ಬರೀರಿ. ನೀವು ಬರೀಲಿಲ್ಲಂದ್ರ ನಾ ಇದಕ್ಕ ಸಹಿ ಹಾಕೂದಿಲ್ಲ."

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಸಿಟ್ಟೇ ಬಂತು. ಯಾರಿಂದ ಇಷ್ಟು ದೂರ ಬಂದೆ ನೀನು? ಬೀಜದ ಜೀವ ಎಷ್ಟು ದಿನ ಎಂದು ಆಳಂದದ ತನಕ ಹೋಗಿ ಕೇಳಿಕೊಂಡು ಬಂದವನು ಯಾರು? ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಮೇಡಂ ಅಲ್ಲೇ ಇದ್ದರು, ನುಂಗಿಕೊಂಡೆ. ಸಣ್ಣ ದನಿಯಲ್ಲಿ, ನನ್ನ ನೌಕರಿಯ ಮೇಲೆ ಬರುತ್ತದೆ ಸಪ್ನಾ ಎಂದೆ.

"ಅಪ್ಪನ ಮ್ಯಾಲೂ ಬರ್ತದಲ್ರಿ," ಎಂದಳು. "ಸೀಟ್ ಹೋದ್ರ ಹೋಗ್ಲಿ ಸರ್. ಅವನೊಬ್ಬನ ಹೆಸರಿನ್ಯಾಗ ನಂಗ ಬ್ಯಾಡ."

ಬೆದರಿಕೆಯಾಗಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಅವಳು ಬೆದರಿಸುತ್ತಿರಲಿಲ್ಲ. ನಿಜವಾಗಿಯೂ ಬಿಟ್ಟುಬಿಡುವವಳಿದ್ದಳು. ಎರಡು ಬೇಸಿಗೆಯ ನೀರು, ಜೇವರ್ಗಿಯ ಸೀಟು, ಎಲ್ಲವನ್ನೂ ಅಲ್ಲೇ ಆ ಬಯಲಿನಲ್ಲಿ ಬಿಟ್ಟು, ಮರುದಿನ ಅವ್ವನ ಜೊತೆ ಕೂಲಿಗೆ ಹೋಗುವವಳಿದ್ದಳು. ದೇವೀಂದ್ರಪ್ಪ ಅಡ್ಡ ಬಂದು, ಹುಚ್ಚಿ ಹಂಗ ಮಾಡಬ್ಯಾಡ ಬೇ, ಸರ್‌ಗೆ ಯಾಕ ಇದರಾಗ ಎಳೀತಿ ಎಂದು ಗದರಿದ. ಅವಳು ಕಾಗದ ಹಿಡಿದ ಕೈ ಹಿಂದೆ ತೆಗೆಯಲಿಲ್ಲ.

ಪೆನ್ನು ತೆಗೆದುಕೊಂಡೆ. ಉದ್ಯೋಗ ಮೇಳದಲ್ಲಿ ಕೊಟ್ಟ ಅದೇ ಪೆನ್ನು, ಬರೆಯಲಿಲ್ಲ, ಝಾಡಿಸಿದ ಮೇಲೆ ಬರೆಯಿತು. ಅತಿಥಿಗಳಿಗೆ ಹಸಿರು ಹಂದರ ಹಾಕಬೇಕೆಂದು ದೇವೀಂದ್ರಪ್ಪನವರಿಗೆ ನಾನು ಆದೇಶಿಸಿದೆ. ಟೊಂಗೆ ಎಲ್ಲಿಂದ ತರಬೇಕೆಂದು ಅವರು ಕೇಳಿದಾಗ, ಎಲ್ಲಿಂದಾದರೂ ತಾ ಎಂದು ಹೇಳಿದವನು ನಾನು. ಕೆಳಗೆ ಹೆಸರು, ಹುದ್ದೆ, ಶಾಲೆ, ಸಹಿ, ದಿನಾಂಕ. ಹದಿನೆಂಟು ವರ್ಷದಲ್ಲಿ ಪರಿಸರದ ಬಗ್ಗೆ ನಾನು ಎಷ್ಟೋ ವರದಿ ಬರೆದಿದ್ದೇನೆ, ಒಂದರಲ್ಲೂ ನನ್ನ ತಪ್ಪು ಬರೆದಿರಲಿಲ್ಲ.

ಸಪ್ನಾ ಓದಿದಳು, ಸಹಿ ಹಾಕಿದಳು. ಮೇಡಂ ಫೋಟೊ ತೆಗೆದು ಕಳಿಸಿದರು. ಜೂನ್ ಮೊದಲ ವಾರ ಬಟ್ಟೆಬರೆ ತೆಗೆದುಕೊಂಡು ಜೇವರ್ಗಿಗೆ ಬಾ ಎಂದರು. ಅಷ್ಟೇ. ಚಪ್ಪಾಳೆ ಗಿಪ್ಪಾಳೆ ಏನೂ ಆಗಲಿಲ್ಲ. ಅಷ್ಟರಲ್ಲಿ ರೊಟ್ಟಿಯ ಗಂಟು ಹೊತ್ತು ಬಂದಿದ್ದ ಮಲ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅದನ್ನು ಬಿಚ್ಚಿದಳು. ನನ್ನ ಹೆಸರಿಗೆ ನೋಟಿಸು ಮೂರು ವಾರದ ಮೇಲೆ ಬಂತು. ಪಟ್ಟಿಯಿಂದ ಹೆಸರು ಹೋಯಿತು. ಅದರ ಸಿಟ್ಟು ಇನ್ನೂ ಇಳಿದಿಲ್ಲ, ಯಾಕೆ ಸುಳ್ಳು ಹೇಳಲಿ.

ಬಿಸಿಲು ನೆತ್ತಿಗೆ ಬಂದಿತ್ತು. ಆ ಇಡೀ ಬಯಲಿನಲ್ಲಿ ಕೂತು ಉಣ್ಣಲು ಬೇರೆ ನೆರಳಿರಲಿಲ್ಲ, ಎಲ್ಲರೂ ಹಂದರದ ಕೆಳಗೇ ಕೂತರು. ನಾನು ಹೊರಗೆ ನಿಂತೆ. ದೇವೀಂದ್ರಪ್ಪ ಎದ್ದು ಬಂದು, ಬರ್ರಿ ಸರ್, ಬಿಸಲಾಗ ಯಾಕ ನಿಂತೀರಿ ಎಂದು ನನ್ನ ಕೈ ಹಿಡಿದು ಒಳಗೆ ಕರೆದ.  ಆಮೇಲೆ ಅವನು ಯಾರಿಗೂ ಕೇಳದ ಹಾಗೆ ಮೆಲ್ಲಗೆ ಕೇಳಿದ.

"ಸರ್, ಹಂದರ ಚಲೋ ಆಗ್ಯಾದಲ್ರಿ?"

ತಲೆಯೆತ್ತಿ ನೋಡಿದೆ. ಸೂಜಿಯಷ್ಟೂ ಬಿಸಿಲು ಇಳಿಯುತ್ತಿರಲಿಲ್ಲ. ಬೆಳಿಗ್ಗೆಯಿಂದ ಅವನಿಗೆ ಅದೊಂದು ಮಾತನ್ನು ಯಾರೂ ಹೇಳಿರಲಿಲ್ಲ.

"ಚಲೋ ಆಗ್ಯಾದ," ಎಂದೆ.